ತಪ್ಪು ಲೆಕ್ಕದವರು

“ನೀವು ಯಾರ ಕಡೆಯವರು?”

ಹೆಂಡತಿಯ ದೇಹ ಚಿತಾಗಾರದ ಒಳಕೋಣೆಯಲ್ಲಿ ಸರದಿಗೆ ಕಾಯುತ್ತಿತ್ತು. ಹೊರಗೆ ಬಾಗಿಲಲ್ಲಿ ಚೆಕಿಂಗ್ ಸಾಹೇಬರು ಒಬ್ಬ ದಢೂತಿ ಯುವಕನನ್ನು ತಡೆದು ನಿಲ್ಲಿಸಿಕೊಂಡಿದ್ದರು. ಅವನ ಕೈಯಲ್ಲಿ ಬಿಳಿ ಹೂವಿನ ಕಟ್ಟು ಇತ್ತು.

“ಟೀಚರ್ ಕಡೆ, ಸರ್.”

“ಟೀಚರ್ ಒಳಗಿದ್ದಾಳೆ. ನಾನು ಕೇಳಿದ್ದು ನಿಮ್ಮ ವಿಷಯ.”

ಯುವಕ ಕಾಲು ಬದಲಿಸಿದ. ಅಷ್ಟರಲ್ಲಿ ಮಗಳು ಬಂದು ಸಾಹೇಬರ ತೋಳು ಹಿಡಿದಳು. “ಅಪ್ಪ, ಇದು ಬಸ್ಸಲ್ಲ. ಬಂದವರ ಹತ್ರ ಟಿಕೆಟ್ ಕೇಳೋ ಹಾಗೆ ಕೇಳ್ಬೇಡಿ. ಬನ್ನಿ, ಕೂತ್ಕೊಳ್ಳಿ.”

ಅವನು ತಲೆ ತಗ್ಗಿಸಿ ಒಳಗೆ ಹೋದ. ಹೋದವನು ಖಾಲಿ ಕುರ್ಚಿಗಳನ್ನು ಬಿಟ್ಟು, ಮೂಲೆಯ ಕಂಬದ ಹಿಂದೆ ಆಗಲೇ ನಿಂತಿದ್ದ ಇಬ್ಬರು ಯುವತಿಯರ ಜೊತೆ ಸೇರಿಕೊಂಡ. ಮೂವರೂ ಏನೋ ಪಿಸುಗುಟ್ಟಿದರು. ಸಾಹೇಬರು ತಿರುಗಿ ನೋಡಿದ ಕೂಡಲೇ ಮಾತು ಕತ್ತರಿಸಿದಂತೆ ನಿಂತಿತು.

ಅವರು ಕೂತರು. ಆದರೆ ಕಣ್ಣು ಮಾತ್ರ ಕಂಬದ ಬುಡ ಬಿಡಲಿಲ್ಲ.

ಸರ್ವೀಸು ಪೂರ್ತಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು ಅವರು. ನಡುದಾರಿಯಲ್ಲಿ ಕೈ ಅಡ್ಡ ಹಿಡಿದು ಬಸ್ಸು ಹತ್ತಿದರೆಂದರೆ, ಮೊದಲ ಸೀಟು ದಾಟುವುದರೊಳಗೆ ಕಳ್ಳ ಯಾರೆಂದು ಗೊತ್ತಾಗಿಬಿಡುತ್ತಿತ್ತು. ಟಿಕೆಟ್ ಇದ್ದವನು ಜೇಬು ತಡಕುತ್ತಾನೆ, ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ. ಇದು ಅವರು ಕಂಡುಕೊಂಡ ಸತ್ಯ. ನಿವೃತ್ತಿಯಾದ ಮೇಲೆ ಬಸ್ಸು ಬಿಟ್ಟಿತು, ಕಣ್ಣು ಬಿಡಲಿಲ್ಲ. ಹಾಲಿನವನ ಅಳತೆ, ಗಡಿಯಾರದವನ ರಿಪೇರಿ, ನೆಂಟರ ನಗು, ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡುವುದೇ. ಹೆಂಡತಿ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದ ವಾರಗಳಲ್ಲೂ ತಾರೀಕು ಓದದೆ ಒಂದು ಮಾತ್ರೆಯನ್ನೂ ಅವಳ ಬಾಯಿಗೆ ಹೋಗಗೊಟ್ಟಿರಲಿಲ್ಲ. “ಕಾಯಿಲೆ ನನಗೆ, ಕಾಮಾಲೆ ಕಣ್ಣು ನಿಮಗೆ” ಎಂದು ಅವಳು ಆಕ್ಸಿಜನ್ ಮಾಸ್ಕಿನೊಳಗಿಂದಲೇ ರೇಗಿಸಿದ್ದಳು.

ಕಂಬದ ಹಿಂದಿನ ಮೂವರೂ ಕಿಟಕಿಯಾಚೆ ನೋಡುತ್ತಿದ್ದರು.

ಹೊರಗೆ ಕಾರು ನಿಂತ ಸದ್ದಾಯಿತು. ಒಳಗೆ ಬಂದವರು ಹೆಂಡತಿಯ ಶಾಲೆಯ ಹಳೆಯ ಹೆಡ್ಮಾಸ್ಟರು. ಅವರಿಗೂ ನಿವೃತ್ತಿಯಾಗಿತ್ತು, ಕೈಗೆ ಕೋಲು ಬಂದಿತ್ತು. ಅವರನ್ನು ಕಂಡದ್ದೇ ಕಂಬದ ಹಿಂದಿನವರು ಇನ್ನಷ್ಟು ಹಿಂದೆ ಸರಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುತ್ತಿದ್ದಾರಲ್ಲ ಎಂದುಕೊಂಡರು ಸಾಹೇಬರು.

ಹೆಡ್ಮಾಸ್ಟರು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. “ಒಳ್ಳೆ ಟೀಚರ್. ಬಹಳ ಒಳ್ಳೆ ಟೀಚರ್. ಏನೋ, ಒಂದೊಂದು ಸಲ ಗ್ರಹಚಾರ. ಅದನ್ನೆಲ್ಲ ಈಗ ಮಾತಾಡಬಾರದು.”

“ಯಾವುದನ್ನ?”

“ಅದೇ... ಇರಲಿ ಬಿಡಿ.”

“ಎತ್ತಿದ್ದೂ ನೀವೇ, ಬಿಡಿ ಅನ್ನೋದೂ ನೀವೇ.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಹೆಡ್ಮಾಸ್ಟರು ಎತ್ತಿದ ಕೈ. ಈ ಸಲ ಮಾತ್ರ ದೀಪ ಒಂದು ಕಡೆಗೆ ವಾಲಿತು. ದನಿ ತಗ್ಗಿಸಿ ಹೇಳಿದರು: “ನನಗೆ ಇವತ್ತಿಗೂ ಅರ್ಥ ಆಗದ್ದು ಒಂದೇ. ಆ ಮರುಪರೀಕ್ಷೆಯ ಪೇಪರುಗಳನ್ನ ಮುಂದಿಟ್ಟಾಗ ಅವರು ನಕ್ಕರು. ಒಂದೊಂದೇ ತಿರುಗಿಸಿ ನೋಡ್ತಾ ನಗ್ತಾ ಇದ್ರು. ಬೇರೆ ಯಾರಾದ್ರೂ ಆಗಿದ್ರೆ ಅತ್ತಿರೋರು.”

ಸಾಹೇಬರು ಕೈ ಬಿಡಿಸಿಕೊಂಡರು. ನಕ್ಕಳೇ? ಹನ್ನೆರಡು ವರ್ಷದಲ್ಲಿ ಈ ಸಂಗತಿ ಅವರ ಕಿವಿಗೆ ಬಿದ್ದಿರಲಿಲ್ಲ.

*

ಊಟದ ಮೇಜು ಆಗೆಲ್ಲ ಅವಳದೇ. ಊಟವಾದ ಮೇಲೆ ಒರೆಸಿ, ಒಣಗಿಸಿ, ಏಳನೇ ತರಗತಿಯ ಲೆಕ್ಕದ ಪೇಪರುಗಳನ್ನು ಹರವಿಕೊಳ್ಳುತ್ತಿದ್ದಳು. ಬೇರೆ ಮೇಷ್ಟ್ರುಗಳು ಹೆಚ್ಚು ಅಂಕದವರನ್ನು ಮೇಲೆ, ಕಡಿಮೆಯವರನ್ನು ಕೆಳಗೆ ಇಟ್ಟು ದಾರ ಕಟ್ಟಿಬಿಡುತ್ತಾರೆ. ಅವಳು ಗುಡ್ಡೆ ಮಾಡುತ್ತಿದ್ದುದು ತಪ್ಪಿನ ಮೇಲೆ. ಒಂದೇ ಬಗೆಯಲ್ಲಿ ಎಡವಿದವರೆಲ್ಲ ಒಂದು ಗುಡ್ಡೆ.

“ಯಾರು ಫಸ್ಟು?” ಎಂದು ಸಾಹೇಬರು ಕೇಳುತ್ತಿದ್ದರು.

“ಅದನ್ನ ಕಟ್ಟಿಕೊಂಡು ನಾನೇನು ಮಾಡ್ಲಿ? ಇಲ್ಲಿ ನೋಡಿ. ಇವನಿಗೂ ಹನ್ನೆರಡು, ಇವಳಿಗೂ ಹನ್ನೆರಡು. ಇವನಿಗೆ ಗುಣಾಕಾರ ಬರಲ್ಲ. ಇವಳಿಗೆ ಎಲ್ಲಾ ಬರತ್ತೆ, ಪ್ರಶ್ನೆಯನ್ನ ಪೂರ್ತಿ ಓದೋ ತಾಳ್ಮೆ ಇಲ್ಲ. ಇಬ್ಬರಿಗೂ ಅದೇ ಪಾಠ ಮತ್ತೆ ಮಾಡಿದ್ರೆ ಇಬ್ಬರಿಗೂ ದಂಡ. ಮಾರ್ಕ್ಸು ಜ್ವರ ಎಷ್ಟಿದೆ ಅಂತ ಹೇಳತ್ತೆ ರೀ, ಯಾಕೆ ಬಂತು ಅಂತ ಹೇಳಲ್ಲ.”

ಒಂದು ಸಂಜೆ ಗುಡ್ಡೆಗಳೇ ಆಗಲಿಲ್ಲ. ಹೆಚ್ಚುಕಡಿಮೆ ಇಡೀ ತರಗತಿ ಒಂದೇ ರಾಶಿಯಲ್ಲಿ ಬಂದು ಬಿತ್ತು. ಸಾಹೇಬರು ಎರಡು ಪೇಪರು ಕೈಗೆತ್ತಿಕೊಂಡು ಹೋಲಿಸಿ ನೋಡಿದರು, ಕಣ್ಣು ಮಿಂಚಿತು. “ಕಾಪಿ ಹೊಡೆದಿದ್ದಾರೆ ಕಣೇ. ಎಲ್ಲರದ್ದೂ ಅದೇ ತಪ್ಪು. ಒಬ್ಬರನ್ನ ನೋಡಿ ಒಬ್ಬರು ಬರೆದಿದ್ದಾರೆ.”

ಅವಳು ರಾಶಿಯನ್ನು ಇನ್ನೊಮ್ಮೆ ತಿರುವಿಹಾಕಿದಳು. ಆಮೇಲೆ ಹೇಳಿದಳು: “ಒಬ್ಬರನ್ನ ನೋಡಿ ಒಬ್ಬರು ಅಲ್ಲ. ಎಲ್ಲರೂ ನನ್ನನ್ನ ನೋಡಿ ಬರೆದಿದ್ದಾರೆ. ನಾನೇ ತಪ್ಪಾಗಿ ಅರ್ಥ ಆಗೋ ಹಾಗೆ ಹೇಳಿಕೊಟ್ಟಿದ್ದೀನಿ.”

ಮರುದಿನ ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಹೋದಳು. ಮಕ್ಕಳ ಕೈಯಲ್ಲಿ ಮಡಚಿಸಿ, ಹರಿಸಿ, ಭಿನ್ನರಾಶಿಯನ್ನು ಮೊದಲಿನಿಂದ ಶುರುಮಾಡಿದಳು. ಅಂದಿನಿಂದ ವಾರಕ್ಕೊಮ್ಮೆ ಅರ್ಧ ಹಾಳೆಯ ಪುಟ್ಟ ಪರೀಕ್ಷೆ. ಅಂಕವಿಲ್ಲ, ಕೆಂಪು ಶಾಯಿಯಿಲ್ಲ. ಎಡವಿದ ಜಾಗ ನೋಡಿ ಮಕ್ಕಳನ್ನು ಬೇರೆ ಬೇರೆ ಬೆಂಚಿಗೆ ಕೂರಿಸುವಳು. ದಾಟಿದವರು ಮುಂದಿನ ಬೆಂಚಿಗೆ ಹಾರುವರು, ದಾಟದವರಿಗೆ ಅದೇ ಪಾಠ ಇನ್ನೊಂದು ದಾರಿಯಲ್ಲಿ. ಕೆಲವೊಮ್ಮೆ ನಿನ್ನೆ ದಾಟಿದವರೇ ಇವತ್ತಿನ ಮೇಷ್ಟ್ರು.

ಇಷ್ಟೆಲ್ಲ ಮಾಡಿ ಅವಳಿಗೇನು ಸಿಗುತ್ತದೆ ಎಂಬುದು ಸಾಹೇಬರಿಗೆ ತಿಳಿಯುತ್ತಿರಲಿಲ್ಲ. ಏನೂ ಸಿಗದೆ ಯಾರೂ ಇಷ್ಟು ದುಡಿಯುವುದಿಲ್ಲ ಎಂಬುದು ಅವರ ಅನುಭವವಾಗಿತ್ತು.

*

ಅದೇ ವರ್ಷದ ಸಾರ್ವತ್ರಿಕ ಪರೀಕ್ಷೆಯಲ್ಲಿ, ಯಾವಾಗಲೂ ಪಟ್ಟಿಯ ಬಾಲ ಹಿಡಿದಿರುತ್ತಿದ್ದ ಶಾಲೆ ಲೆಕ್ಕದಲ್ಲಿ ತಲೆಗೆ ಬಂದು ಕೂತಿತು. ಬೇರೆಯವರಾದರೆ ಸಿಹಿ ಹಂಚುತ್ತಿದ್ದರು. ಹೆಡ್ಮಾಸ್ಟರಿಗೆ ಬೆವರು ಬಂತು. ಇಷ್ಟು ಕಡಿದಾಗಿ ಮೇಲೇರಿದ ಗೆರೆಯನ್ನು ಅವರು ಎಲ್ಲೂ ಕಂಡಿರಲಿಲ್ಲ. ನಾಳೆ ಮೇಲಿನವರು ಕೇಳುವ ಮೊದಲು ತಾವೇ ಹೇಳಿಬಿಡುವುದು ಕ್ಷೇಮವೆಂದು ಕಚೇರಿಗೆ ಬರೆದು ಹಾಕಿದರು. ವಿಚಾರಣೆಯ ತಂಡ ಬಂತು. ಅವಳನ್ನು ಹೊರಗೆ ಕೂರಿಸಿ, ಅದೇ ಮಕ್ಕಳಿಗೆ ಹೊಸ ಪ್ರಶ್ನೆಪತ್ರಿಕೆ ಕೊಟ್ಟು, ಬೇರೆಯವರನ್ನು ಕಾವಲಿಗೆ ಹಾಕಿದರು.

ಇಡೀ ತರಗತಿ ನೆಲ ಕಚ್ಚಿತು. ಇನ್ನು ಹೇಳುವುದಕ್ಕೇನಿತ್ತು? ಮೊದಲ ಪರೀಕ್ಷೆಯಲ್ಲಿ ಟೀಚರೇ ಉತ್ತರ ಹೇಳಿಕೊಟ್ಟಿದ್ದಾರೆ ಎಂದಾಯಿತು. ಅವಳನ್ನು ತರಗತಿಯಿಂದ ತೆಗೆದು ಗ್ರಂಥಾಲಯಕ್ಕೆ ಹಾಕಿದರು.

ಆ ಸಂಜೆ ಅವಳು ಚಹಾ ಕಾಯಿಸುತ್ತಿದ್ದಳು. ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಹೇಳಿಕೊಟ್ಟೆಯಾ?”

“ಹೇಳಿಕೊಡೋದೇ ನನ್ನ ಕೆಲಸ.”

“ಪರೀಕ್ಷೆಯಲ್ಲಿ ಹೇಳಿಕೊಟ್ಟೆಯಾ ಅಂತ ಕೇಳಿದ್ದು.”

ಅವಳು ತಿರುಗಿ ಅವರ ಮುಖವನ್ನೇ ನೋಡಿದಳು. “ನಿಮಗೆ ಏನನ್ಸತ್ತೆ?”

ಇಲ್ಲ ಎನ್ನಲು ಎರಡು ಅಕ್ಷರ ಸಾಕಿತ್ತು. ಅವರ ಬಾಯಿಂದ ಬಂದದ್ದು ಬೇರೆ. “ಬೆಂಕಿ ಇಲ್ಲದೆ ಹೊಗೆ ಆಡಲ್ಲ.”

“ಸರಿ ಬಿಡಿ,” ಎಂದು ಅವಳು ಒಲೆ ಆರಿಸಿದಳು.

ಅವಳು ಮೇಲ್ಮನವಿ ಹಾಕಲಿಲ್ಲ, ಯಾರ ಬಾಗಿಲೂ ತಟ್ಟಲಿಲ್ಲ. ಸಾಹೇಬರಿಗೆ ಬಗೆಹರಿಯದ್ದು ಅದೇ. ಟಿಕೆಟ್ ಇದ್ದವರನ್ನು ಇಳಿ ಎಂದರೆ ಬಸ್ಸು ಹಾರಿಹೋಗುವಂತೆ ಜಗಳ ಆಡುತ್ತಾರೆ. ಇಲ್ಲದವರು ತೆಪ್ಪಗೆ ಇಳಿದು ಹೋಗುತ್ತಾರೆ. ಅವಳು ತೆಪ್ಪಗೆ ಇಳಿದಿದ್ದಳು. ಅದಾದ ಮೇಲೆ ಊಟದ ಮೇಜಿನ ಮೇಲೆ ಊಟ ಬಿಟ್ಟರೆ ಬೇರೇನೂ ಹರಡಲಿಲ್ಲ.

*

ಕರೆ ಬಂತು. ಎಲ್ಲರೂ ಎದ್ದು ಒಳಗೆ ಹೋದರು. ಮಗಳು ಅಮ್ಮನ ಹಣೆಯ ಕೂದಲು ಸರಿಮಾಡಿದಳು. ಹಳಿಯ ಮೇಲೆ ತಟ್ಟೆ ಸರಿದು, ಕಬ್ಬಿಣದ ಬಾಗಿಲು ಇಳಿಯಿತು. ಸಾಹೇಬರು ಅಳಲಿಲ್ಲ. ಬಾಗಿಲು ಸರಿಯಾಗಿ ಮುಚ್ಚಿತೇ ಎಂದು ಒಮ್ಮೆ ಬಗ್ಗಿ ನೋಡಿದರು. ಆಮೇಲೆ ಅದೇ ನಡಿಗೆಯಲ್ಲಿ ಹೊರಟು, ಅಂಗಳದಲ್ಲಿ ನಿಂತಿದ್ದ ಆ ಮೂವರ ಎದುರು ಹೋಗಿ ನಿಂತರು.

“ಏಳನೇ ಕ್ಲಾಸಿನವರು ತಾನೇ? ಆ ವರ್ಷದವರು?”

ದಢೂತಿ ಯುವಕ ಜೊತೆಯವಳ ಕಡೆ ನೋಡಿದ. ಕನ್ನಡಕ ಹಾಕಿದ, ಚುರುಕು ಕಣ್ಣಿನ ಹೆಣ್ಣು ಅವಳು. “ಹೌದು ಸರ್,” ಎಂದಳು. “ನನ್ನನ್ನ ಕ್ಲಾಸಲ್ಲಿ ವಕೀಲಮ್ಮ ಅಂತಿದ್ರು. ವಾದ ಜಾಸ್ತಿ ಅಂತ. ಈಗ ರಕ್ತಪರೀಕ್ಷೆ ಲ್ಯಾಬಲ್ಲಿ ಇದ್ದೀನಿ. ಇವನು ಕ್ರೇನ್ ಓಡಿಸ್ತಾನೆ. ಇವಳದ್ದು ಬೇಕರಿ.”

“ಹೆಡ್ಮಾಸ್ಟರನ್ನ ನೋಡಿ ಯಾಕೆ ಅಡಗಿಕೊಂಡ್ರಿ?”

ಮೂವರೂ ಗೇಟಿನ ಕಡೆ ನೋಡಿದರು.

“ಅವಳು ನಿಮಗೆ ಉತ್ತರ ಹೇಳಿಕೊಟ್ಟಿದ್ಲಾ? ಇವತ್ತಾದ್ರೂ ಹೇಳಿ. ಅವಳು ಹೋಗಾಯ್ತು. ಯಾರಿಗೂ ಏನೂ ಆಗಲ್ಲ.”

ವಕೀಲಮ್ಮನ ಬಾಯಿ ತೆರೆದೇ ಇತ್ತು. “ಸರ್... ನಿಮಗೆ ಗೊತ್ತಿಲ್ವಾ? ಟೀಚರ್ ಹೇಳಿರ್ತಾರೆ ಅಂದುಕೊಂಡಿದ್ವಿ.”

“ಏನನ್ನ?”

“ಮರುಪರೀಕ್ಷೆ ದಿನ ಆ ತಂಡದವರು ಬಂದು, ‘ಕಳ್ಳರ ಕ್ಲಾಸ್ ಇದೇನಾ?’ ಅಂದ್ರು. ‘ನಿಮ್ಮ ಟೀಚರ್ ಇಲ್ದೆ ನಿಮ್ಮ ಬಂಡವಾಳ ಎಷ್ಟು ಅಂತ ನೋಡ್ತೀವಿ’ ಅಂದ್ರು. ನಮಗೆ ಹೊಟ್ಟೆ ಉರಿದುಹೋಯ್ತು. ನಾನೇ ಎಲ್ಲರಿಗೂ ಹೇಳಿದ್ದು. ಟೀಚರ್ ಇಲ್ದಿದ್ರೆ ನಾವು ಹೆಂಗಿದ್ವಿ ಅಂತ ತೋರಿಸೇಬಿಡೋಣ. ವರ್ಷದ ಶುರುನಲ್ಲಿ ಯಾರ್‍ಯಾರು ಯಾವ ತಪ್ಪು ಮಾಡ್ತಿದ್ವೋ, ಎಲ್ಲರೂ ಅದನ್ನೇ ಬರೆಯೋಣ ಅಂತ.”

“ನಮ್ಮ ನಮ್ಮ ತಪ್ಪು ನಮಗೆ ಬಾಯಿಪಾಠ ಇತ್ತು ಸರ್,” ಎಂದ ಕ್ರೇನಿನವನು. “ಟೀಚರ್ ಅಷ್ಟು ಸಲ ತೋರಿಸಿದ್ರು.”

“ನೋಡಿದವರಿಗೆ ಗೊತ್ತಾಗತ್ತೆ ಅಂದುಕೊಂಡ್ವಿ,” ಎಂದಳು ವಕೀಲಮ್ಮ. “ಅವರು ಬರೀ ಮಾರ್ಕ್ಸ್ ನೋಡಿದ್ರು.”

“ಅವಳಿಗೆ ಗೊತ್ತಾಯ್ತಾ?”

“ಅವರು ಒಂದು ಪೇಪರ್ ನೋಡಿದ್ರೆ ಸಾಕಲ್ವಾ ಸರ್? ಗ್ರಂಥಾಲಯಕ್ಕೆ ಕರೆದ್ರು. ಬೈಯ್ತಾರೆ ಅಂತ ಹೆದರಿದ್ವಿ. ‘ಪೆದ್ದುಗಳಾ, ಎಷ್ಟು ಚೆನ್ನಾಗಿ ತಪ್ಪು ಮಾಡಿದ್ದೀರ’ ಅಂತ ನಕ್ಕು, ಆಮೇಲೆ ಕಣ್ಣೊರೆಸಿಕೊಂಡ್ರು. ‘ಬೇಕಂತ ಪೇಪರ್ ಕೆಡಿಸಿದ್ರಿ ಅಂತ ಗೊತ್ತಾದ್ರೆ ನಿಮ್ಮನ್ನ ಮುಂದಿನ ಯಾವ ಪರೀಕ್ಷೆಗೂ ಕೂರಿಸಲ್ಲ. ಬಾಯಿ ಬಿಡ್ಬೇಡಿ’ ಅಂದ್ರು. ಮುಂದೆ ಹತ್ತನೇ ಕ್ಲಾಸಲ್ಲಿ ನಾವೆಲ್ಲ ಒಳ್ಳೆ ಮಾರ್ಕ್ಸ್ ತಗೊಂಡ್ವಿ. ಬಹುಮಾನ ಹೊಸ ಮೇಷ್ಟ್ರಿಗೆ ಹೋಯ್ತು.”

“ದೊಡ್ಡವರಾದ ಮೇಲಾದ್ರೂ ಹೇಳಬಹುದಿತ್ತಲ್ಲ?”

“ಹೋಗಿದ್ವಿ ಸರ್,” ಎಂದಳು ಬೇಕರಿಯವಳು, ಮೊದಲ ಸಲ ಬಾಯಿ ತೆರೆದು. “ಹೆಡ್ಮಾಸ್ಟರಿಗೆ ಹೇಳಿಬಿಡ್ತೀವಿ ಅಂದ್ವಿ. ‘ಈಗ ಯಾಕೆ, ನನ್ನ ಲೆಕ್ಕ ನನಗೆ ಸರಿ ಇದೆ’ ಅಂದ್ರು.”

ಸಾಹೇಬರು ನೆಲ ನೋಡಿದರು. ಕೇಳಬಾರದೆಂದುಕೊಂಡೇ ಕೇಳಿದರು: “ನನಗೆ ಯಾಕೆ ಹೇಳ್ಲಿಲ್ಲ?”

ಮೂವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ವಕೀಲಮ್ಮನೇ ಹೇಳಿದಳು. “ಆವತ್ತು ನಾನು ಕೇಳಿದ್ದೆ, ನಿಮ್ಮ ಮನೆಯಲ್ಲೂ ಹೇಳಬಾರದಾ ಅಂತ. ‘ಅವರಿಗೆ ಹೇಳಿದ್ರೆ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯೋದಕ್ಕೆ ಮುಂಚೆ ಅಲ್ಲಿರ್ತಾರೆ. ನಿಮ್ಮೆಲ್ಲರ ಹೆಸರು ಕೊಟ್ಟು ಬರ್ತಾರೆ. ಟಿಕೆಟ್ ಇಲ್ಲ ಅಂತ ಸ್ವಂತ ಅಮ್ಮನ್ನೇ ಬಸ್ಸಿಂದ ಇಳಿಸಿದೋರು ಅವರು’ ಅಂದ್ರು.”

ಸಾಹೇಬರು ನೆಲದಿಂದ ತಲೆಯೆತ್ತಿದರು.

“ಅಮ್ಮನ್ನಲ್ಲ,” ಎಂದರು ಸಾಹೇಬರು. “ಅತ್ತೆಯನ್ನ. ಅವಳ ಅಮ್ಮನ್ನ.”

ಬೇಕರಿಯವಳಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅದು ಅಳುವಾಗಿ ಹೊರಬಂತು.

ಇಷ್ಟು ಕೇಳಿಯೂ ಸಾಹೇಬರ ಸಂಶಯದ ಹುಳ ಸಾಯಲಿಲ್ಲ. ಸತ್ತವರ ಬಗ್ಗೆ ಒಳ್ಳೆಯ ಕತೆ ಕಟ್ಟುವುದು ಸುಲಭ. ಮೂವರು ಸೇರಿ ಕಂಬದ ಹಿಂದೆಯೇ ಮಾತಾಡಿಕೊಂಡಿರಬಹುದು. ಇಂಥವರನ್ನು ಅವರು ಎಷ್ಟು ಕಂಡಿಲ್ಲ? ಒಬ್ಬನ ಮಾತಿಗೆ ಇನ್ನೊಬ್ಬ ತಲೆಯಾಡಿಸುತ್ತಿದ್ದರೆ ಬೇರೆ ಬೇರೆ ಮಾಡಿ ಕೇಳಬೇಕು. ಸುತ್ತ ನೋಡಿದರು. ಮನೆಯವರನ್ನು ವಾಪಸು ಕರೆದೊಯ್ಯಲು ವ್ಯಾನು ಗೇಟಿನ ಹತ್ತಿರ ಕಾಯುತ್ತಿತ್ತು. ಆಚೆ ರಸ್ತೆ ಅಗೆಯುತ್ತಿದ್ದುದರಿಂದ ಅದರ ಮೈಮೇಲೆಲ್ಲ ಒಂದು ಪದರ ಧೂಳು.

“ಬನ್ನಿ ಇಲ್ಲಿ,” ಎಂದರು. ಕ್ರೇನಿನವನನ್ನು ಬಾಗಿಲ ಪಕ್ಕಕ್ಕೆ, ವಕೀಲಮ್ಮನನ್ನು ಆಚೆ ಬದಿಗೆ, ಬೇಕರಿಯವಳನ್ನು ಹಿಂಭಾಗಕ್ಕೆ ನಿಲ್ಲಿಸಿದರು. “ಬರೀರಿ. ಆವತ್ತು ಬರೆದದ್ದನ್ನ. ಯಾರೂ ಯಾರದ್ದೂ ನೋಡಬಾರದು.”

ಮಗಳು ದೂರದಿಂದ “ಅಪ್ಪ, ಏನ್ಮಾಡ್ತಿದ್ದೀರ!” ಎಂದು ಕೂಗಿದಳು. ಅವರು ಕೈ ಎತ್ತಿ ತಡೆದರು.

ಮೂವರೂ ಒಂದು ಕ್ಷಣವೂ ಯೋಚಿಸಲಿಲ್ಲ. ಕ್ರೇನಿನವನ ದಪ್ಪ ಬೆರಳು ಧೂಳಿನಲ್ಲಿ ಓಡಿತು: ಆರುನೂರ ಇಪ್ಪತ್ತನಾಲ್ಕನ್ನು ಆರರಿಂದ ಭಾಗಿಸಿದರೆ ಹದಿನಾಲ್ಕು. ಹಿಂದೆ ಬೇಕರಿಯವಳು ಐನೂರ ಎರಡರಲ್ಲಿ ನೂರ ಎಪ್ಪತ್ತೆಂಟು ಕಳೆದಿದ್ದಳು. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು ನಾನೂರ ಎಪ್ಪತ್ತಾರು ಮಾಡಿಟ್ಟಿದ್ದಳು. ಆಚೆ ಬದಿಯಲ್ಲಿ ಅರ್ಧಕ್ಕೆ ಮೂರನೇ ಒಂದು ಸೇರಿ ಐದನೇ ಎರಡಾಗಿತ್ತು.

ಸಾಹೇಬರು ವ್ಯಾನಿನ ಸುತ್ತ ನಿಧಾನವಾಗಿ ನಡೆದರು. ಓದಿದರು. ಮತ್ತೊಂದು ಸುತ್ತು ಬಂದರು. ಈ ಮುಖಗಳನ್ನು ಅವರು ಎಂದೂ ನೋಡಿರಲಿಲ್ಲ. ಆದರೆ ಇವರನ್ನು ಅವರು ಬಲ್ಲರು. ಎಷ್ಟೋ ಊಟಗಳ ನಡುವೆ ಕೇಳಿದ್ದರು: ಇವತ್ತೂ ಸೊನ್ನೆ ನುಂಗಿಬಿಟ್ಟಿದ್ದಾನೆ ರೀ ಆ ಗುಂಡ. ಸಾಲ ತಗೊಳ್ಳೋಕೇ ಹೆದರ್ತಾಳೆ ರೀ ಈ ಹುಡುಗಿ, ಪಕ್ಕದ ಮನೆಯಿಂದ ಹತ್ತು ತರೋಕೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಟ್ಟು ನನ್ನ ಹತ್ರಾನೇ ವಾದ ಮಾಡ್ತಾಳೆ ಒಬ್ಬಳು.

“ಸೊನ್ನೆ ನುಂಗೋನು ನೀನೇನಾ?” ಎಂದರು ಕ್ರೇನಿನವನಿಗೆ.

“ಹೌದು ಸರ್.”

ಸಾಹೇಬರು ಅವನ ತೋಳು ಹಿಡಿದುಕೊಂಡರು. ಹಿಡಿದವರು ಬಿಡಲಿಲ್ಲ. ಭುಜ ಅಲುಗತೊಡಗಿತು. ಮಗಳು ಓಡಿ ಬಂದಳು. ಅಷ್ಟು ಹೊತ್ತಿಗೆ ಆ ದಢೂತಿ ಯುವಕ ಅವರನ್ನು ಪೂರ್ತಿಯಾಗಿ ಅಪ್ಪಿಕೊಂಡು ನಿಂತಿದ್ದ.

ಎಲ್ಲ ಮುಗಿದ ಮೇಲೆ ಡ್ರೈವರು ಒದ್ದೆ ಬಟ್ಟೆ ಹಿಡಿದು ಬಂದ. “ಯಾರ್ರೀ ಗಾಡಿ ಮೇಲೆಲ್ಲ ಗೀಚಿದ್ದು?”

ಸಾಹೇಬರು ಅವನ ಕೈಯಿಂದ ಬಟ್ಟೆ ಇಸಿದುಕೊಂಡು, ಮಡಚಿ, ಡ್ರೈವರನ ಸೀಟಿನ ಮೇಲೆ ಇಟ್ಟರು. “ಹಾಗೇ ಇರಲಿ. ಊರೊಳಗಿಂದಲೇ ಹೋಗೋಣ.”

ಹೆಡ್ಮಾಸ್ಟರು ಕೋಲೂರುತ್ತ ಹೇಳಿಹೋಗಲು ಬಂದವರು ವ್ಯಾನಿನ ಮುಂದೆ ನಿಂತರು. ಕನ್ನಡಕ ಸರಿಮಾಡಿಕೊಂಡರು. ಒಂದು ಬದಿ ಓದಿದರು, ಹಿಂದೆ ಹೋಗಿ ಓದಿದರು. “ಇದೇನು? ಎಲ್ಲಾ ತಪ್ಪು.”

“ಹೌದು,” ಎಂದರು ಸಾಹೇಬರು. “ಆವತ್ತು ಅವಳು ಯಾಕೆ ನಕ್ಕಳು ಅಂದ್ರಲ್ಲ. ಇದನ್ನ ನೋಡಿ ನಕ್ಕಿದ್ದು. ಯಾರು ಬರೆದದ್ದು ಅಂತ ಅವರನ್ನೇ ಕೇಳಿ.”

ಹೆಡ್ಮಾಸ್ಟರು ತಿರುಗಿದರು. ಮೂವರೂ ಈಗ ಅಡಗಿರಲಿಲ್ಲ. ಅಂಗಳದ ನಡುವೆ ನೇರವಾಗಿ ನಿಂತಿದ್ದರು. ಅವರಲ್ಲಿ ವಕೀಲಮ್ಮ ಮುಂದೆ ಬಂದು ಮಾತು ಶುರುಮಾಡಿದಳು.

ಸಾಹೇಬರು ಹತ್ತಿ ಕಿಟಕಿಯ ಪಕ್ಕ ಕೂತರು. ಗಾಜು ಮುಚ್ಚಿತ್ತು, ಹೊರಗಿನ ಮಾತು ಕೇಳುತ್ತಿರಲಿಲ್ಲ. ಪಕ್ಕದ ಕನ್ನಡಿಯಲ್ಲಿ ಹೆಡ್ಮಾಸ್ಟರು ಮಾತ್ರ ಕಾಣುತ್ತಿದ್ದರು. ಅವರು ಕೇಳುತ್ತ ಕೇಳುತ್ತ ಮತ್ತೆ ವ್ಯಾನಿನ ಹತ್ತಿರ ಬಂದು ಬಾಗಿದರು. ಜೀವಮಾನವಿಡೀ ತಿದ್ದಿದ ಬೆರಳು ತಾನಾಗಿ ಮೇಲೆದ್ದು ಧೂಳಿನ ಕಡೆಗೆ ಚಾಚಿತು. ಒಂದಕ್ಕೂ ನಾಲ್ಕಕ್ಕೂ ನಡುವೆ ಇರಬೇಕಿದ್ದ ಸೊನ್ನೆಯ ಜಾಗದ ಎದುರಿಗೆ, ಮುಟ್ಟದೆ ನಿಂತುಬಿಟ್ಟಿತು.

ವ್ಯಾನು ಹೊರಟಿತು. ಗೇಟು ದಾಟಿ ರಸ್ತೆಗೆ ತಿರುಗುವವರೆಗೂ ಕನ್ನಡಿಯಲ್ಲಿ ಆ ಬೆರಳು ಗಾಳಿಯಲ್ಲಿ ಹಾಗೆಯೇ ಇತ್ತು.